ಗೋಡೆಯ ತೂತಿಗೆ ತಕ್ಕ ಓವನ್: 1950ರ ದಶಕದ ಜಿಇ ಒಂದನ್ನು ಮತ್ತೆ ಬಿಸಿ ಮಾಡಿದ್ದು

ನಮ್ಮ ಅಡುಗೆಮನೆಯ ಕ್ಯಾಬಿನೆಟ್‌ನಲ್ಲಿ ಓವನ್‌ಗೆ ಅಂತ ಬಿಟ್ಟಿರುವ ತೂತಿನ ಅಗಲ 22 ಇಂಚು ಚಿಲ್ಲರೆ. ಈ ಇಡೀ ಕೆಲಸಕ್ಕೆ ಕಾರಣ ಅದೇ. ಇವತ್ತು ಅಮೆರಿಕದ ಅಂಗಡಿಗಳಲ್ಲಿ ಸಿಗುವ ವಾಲ್ ಓವನ್‌ಗಳು, ಅಂದರೆ ಗೋಡೆಗೆ ಕೂರಿಸುವ ಓವನ್‌ಗಳು, ಹೆಚ್ಚಾಗಿ 27 ಇಲ್ಲವೇ 30 ಇಂಚಿನವು. 24 ಇಂಚಿನವೂ ಇವೆ, ಆದರೆ ಆಯ್ಕೆ ಕಡಿಮೆ. ನಾನು ನೋಡಿದವು ಯಾವುವೂ ಎತ್ತರದಲ್ಲಿ ಹೊಂದಲಿಲ್ಲ. ದೊಡ್ಡದು ಕೂರಿಸಬೇಕಾದರೆ ಕ್ಯಾಬಿನೆಟ್ ಕೊಯ್ಯಬೇಕು. ಕೊಯ್ದರೆ ಪಕ್ಕದ ಜಾರುಬಾಗಿಲಿನ ಕಪಾಟು ಹೋಗುತ್ತದೆ. ಅದೇ ಹೋದರೆ ಈ ಮನೆ ತಗೊಂಡಿದ್ದಾದರೂ ಯಾಕೆ?

ಮನೆ ಇರುವುದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. ಜೋಸೆಫ್ ಐಕ್ಲರ್ ಕಟ್ಟಿಸಿದ್ದು, 1950ರ ದಶಕದ ಕೊನೆಯದು. ಐಕ್ಲರ್ ಅಂದರೆ 1940ರ ದಶಕದ ಕೊನೆಯಿಂದ 60ರ ದಶಕದವರೆಗೆ ಈ ರಾಜ್ಯದಲ್ಲಿ ಸುಮಾರು 11,000 ಮನೆ ಕಟ್ಟಿಸಿದ ಬಿಲ್ಡರ್. ಕಂಬ, ತೊಲೆ, ಚಪ್ಪಟೆ ಮಾಡು, ಕಾಂಕ್ರೀಟ್ ನೆಲದೊಳಗೆ ಬಿಸಿನೀರಿನ ಪೈಪು, ಹಿತ್ತಲಿನ ಕಡೆ ಪೂರ್ತಿ ಗಾಜು. ಇಲ್ಲಿನ ಕನ್ನಡದವರಲ್ಲಿ ಕೆಲವರಿಗೆ ಈ ಮನೆಗಳು ಬಹಳ ಇಷ್ಟ. ಮಿಕ್ಕವರು ಬಂದು ನೋಡಿ, "ಮಹಡೀನೂ ಇಲ್ಲ, ಅಟ್ಟಾನೂ ಇಲ್ಲ, ಇದಕ್ಕೆ ಇಷ್ಟು ದುಡ್ಡಾ?" ಅಂತ ಕೇಳಿ ಕಾಫಿ ಕುಡಿದು ಹೋಗುತ್ತಾರೆ.

ಮೊದಲಿನ ಓವನ್ ಯಾವತ್ತೋ ಹೋಗಿತ್ತು. ನಾವು ಬಂದಾಗ ಆ ತೂತಿನಲ್ಲಿದ್ದದ್ದು ಆಮೇಲಿನ ಕಾಲದ ಒಂದು ಎಲೆಕ್ಟ್ರಾನಿಕ್ ಓವನ್. ಅದರ ಕಂಟ್ರೋಲ್ ಬೋರ್ಡ್ ಕೆಟ್ಟಿತು. ಮಾಡಿದ ಕಂಪನಿ ಆ ಬೋರ್ಡ್ ತಯಾರಿಸುವುದನ್ನೇ ನಿಲ್ಲಿಸಿದೆ. ಬಿಸಿ ಮಾಡುವ ಕಾಯಿಲ್ ಸರಿ, ಬಾಗಿಲು ಸರಿ, ಪೆಟ್ಟಿಗೆ ಸರಿ, ಅಂಗೈಯಗಲದ ಬೋರ್ಡ್ ಸಿಗದೆ ಇಡೀ ಓವನ್ ಗುಜರಿಗೆ. ಆಗಲೇ ನಾನು ಹಳೆಯದನ್ನು ಹುಡುಕಲು ಶುರು ಮಾಡಿದ್ದು. ಹಳೆ ಕಾಲದ ವೈಭವದ ಮೋಹ ಅಂತ ಸ್ನೇಹಿತರು ನಗುತ್ತಾರೆ. ನಗಲಿ. 1950ರ ದಶಕದ ಕರೆಂಟ್ ಓವನ್‌ನಲ್ಲಿ ಇರುವುದು ಬಿಸಿಯನ್ನು ಹತೋಟಿಯಲ್ಲಿಡುವ ಒಂದು ಥರ್ಮೋಸ್ಟಾಟ್, ಒಂದು ತಿರುಗಿಸುವ ಸ್ವಿಚ್, ಎರಡು ಕಾಯಿಲ್, ಒಂದು ಗಡಿಯಾರ, ಒಂದಿಷ್ಟು ವೈರು. ಬಿಚ್ಚಿ ನೋಡಿದರೆ ಅರ್ಥವಾಗುತ್ತದೆ.

ಒಲೆಯಿಂದ ಓವನ್ ಅನ್ನು ಬೇರೆ ಮಾಡಿ ಗೋಡೆಗೆ ಕೂರಿಸುವ ಪದ್ಧತಿ ಹಬ್ಬಿದ್ದು ಎರಡನೇ ಮಹಾಯುದ್ಧದ ನಂತರ. ಕ್ಯಾಲಿಫೋರ್ನಿಯಾದ ಥರ್ಮಡಾರ್ 1940ರ ದಶಕದ ಕೊನೆಗೆ ಸ್ಟೇನ್‌ಲೆಸ್ ಸ್ಟೀಲ್‌ನದನ್ನು ತಂದಿತು. ಬೇಗನೇ ಜಿಇ (ಜನರಲ್ ಎಲೆಕ್ಟ್ರಿಕ್), ಹಾಟ್‌ಪಾಯಿಂಟ್, ವೆಸ್ಟಿಂಗ್‌ಹೌಸ್, ಫ್ರಿಜಿಡೇರ್ ಎಲ್ಲರೂ ಮಾಡಿದರು. ಓವನ್‌ನ ವಯಸ್ಸು ಅಂದಾಜು ಮಾಡಲು ಬಣ್ಣ ಸಾಕು. ಗುಲಾಬಿ, ತಿಳಿಹಳದಿ, ಟರ್ಕಾಯ್ಸ್ (ಹಸಿರು ಬೆರೆತ ನೀಲಿ) ಇದ್ದರೆ 50ರ ದಶಕದ ನಡುವಿನಿಂದ ಈಚೆಗೆ. ತಾಮ್ರದ ಕಂದು ಅಂದರೆ 60ರ ದಶಕ. ಆವಕಾಡೊ ಹಸಿರು, ಗೋಧಿ ಹಳದಿ ಅಂದರೆ 60ರ ಕೊನೆ, 70ರ ದಶಕ. ಇನ್ನೊಂದು ಗುರುತು: ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳುವ ಓವನ್ ಅನ್ನು ಜಿಇ ತಂದದ್ದು 1963ರಲ್ಲಿ. ಬಾಗಿಲಿಗೆ ಬೀಗದ ಹಿಡಿ ಇರುವ ಅಂಥದ್ದು ಕಂಡರೆ ಅದು ಆಮೇಲಿನದು. ಅದರೊಳಗೆ ಬೀಗ, ಹೆಚ್ಚುವರಿ ಸುರಕ್ಷತಾ ಸ್ವಿಚ್ಚು ಅಂತ ಸರ್ಕ್ಯೂಟ್ ಜಾಸ್ತಿ. ಮೊದಲ ಸಲ ಕೈ ಹಾಕುವವರು ಅದಕ್ಕಿಂತ ಹಿಂದಿನದನ್ನೇ ತಗೊಳ್ಳಿ.

ಕೊಳ್ಳುವಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಓಡ್ತಿದೆಯಾ?" ನನ್ನ ಪ್ರಕಾರ ಅದು ಕೊನೆಯ ಪ್ರಶ್ನೆ. ಕರೆಂಟಿಗೆ ಸಂಬಂಧಿಸಿದ ಎಲ್ಲವನ್ನೂ ಸರಿ ಮಾಡಬಹುದು, ಇಲ್ಲವೇ ಬೇರೆ ಹಾಕಬಹುದು. ಕಾಯಿಲ್ ಸಿಗುತ್ತದೆ. ವೈರು ಸಿಗುತ್ತದೆ. ಥರ್ಮೋಸ್ಟಾಟ್ ಅನ್ನು ಬಿಚ್ಚಿ ಹೊಸದಾಗಿ ದ್ರವ ತುಂಬಿ ಕೊಡುವ ರಿಪೇರಿಯವರು ಇನ್ನೂ ಇದ್ದಾರೆ. ಸಿಗದಿರುವುದು ಬೇರೆ: ಬಾಗಿಲ ಗಾಜು, ನಾಬ್‌ಗಳು, ಮುಂದಿನ ಚೌಕಟ್ಟಿನ ಕ್ರೋಮ್ ಪಟ್ಟಿ, ಗಡಿಯಾರದ ಮುಖ, ಒಳಗಿನ ಜಾಲರಿ. ಒಂದು ನಾಬ್ ಇಲ್ಲ ಅಂದರೆ ಅದೇ ಮಾದರಿಯ ಇನ್ನೊಂದು ಓವನ್ ಕೊಳ್ಳುವವರೆಗೂ ಅದು ಇಲ್ಲವೇ. ಪಿಂಗಾಣಿ ಎನಾಮಲ್ ಹೊದಿಕೆ ದೊಡ್ಡದಾಗಿ ಒಡೆದಿದ್ದರೂ ಅಷ್ಟೇ. ಅದನ್ನು ಕುಲುಮೆಯಲ್ಲಿ ಸುಟ್ಟು ಕೂರಿಸಿರುತ್ತಾರೆ, ಡಬ್ಬಿ ಬಣ್ಣದಲ್ಲಿ ಆಗುವ ಕೆಲಸ ಅಲ್ಲ. ಆದ್ದರಿಂದ ಓಡದಿದ್ದರೂ ಪೂರ್ತಿ ಇರುವುದನ್ನು ಕೊಳ್ಳಿ. ಓಡುವುದಾದರೂ ಅರ್ಧ ಇರುವುದನ್ನು ಬಿಡಿ.

ಇನ್ನೊಂದು, ಟೇಪು ಹಿಡಿದು ಹೋಗಿ. ಮುಂದಿನ ಚೌಕಟ್ಟಿನ ಅಳತೆ ಬೇರೆ, ಒಳಪೆಟ್ಟಿಗೆಯ ಅಳತೆ ಬೇರೆ. "24 ಇಂಚಿನದು" ಅಂತ ಮಾರುವವರು ಹೇಳಿದರೆ ಅದು ಚೌಕಟ್ಟೂ ಇರಬಹುದು, ಕ್ಯಾಬಿನೆಟ್‌ನ ಅಗಲವೂ ಇರಬಹುದು. ತೂತಿನ ಅಗಲ, ಎತ್ತರ, ಆಳ ಮೂರನ್ನೂ ಬರೆದುಕೊಂಡಿರಬೇಕು. ಆಳ ಅಳೆಯುವಾಗ ಹಿಂದೆ ವೈರಿನ ಕೊಳವೆ ಬಗ್ಗಲು ಬೇಕಾದ ಜಾಗವನ್ನೂ ಸೇರಿಸಿ.

ಹುಡುಕಲು ಈ ಕಡೆ ಜಾಗಗಳಿವೆ. ಕ್ರೇಗ್ಸ್‌ಲಿಸ್ಟ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿಯವರ ರೀಸ್ಟೋರ್ ಅಂಗಡಿಗಳು, ಹಳೆ ಸಾಮಾನು ಮಾರುವ ಬರ್ಕ್ಲಿಯ ಅರ್ಬನ್ ಓರ್. ಆದರೆ ನನಗೆ ಸಿಕ್ಕಿದ್ದು ಒಂದು ಎಸ್ಟೇಟ್ ಸೇಲ್‌ನಲ್ಲಿ. ವಯಸ್ಸಾದವರ ಮನೆ ಖಾಲಿ ಮಾಡುವಾಗ ಒಳಗಿರುವುದನ್ನೆಲ್ಲ ಮಾರುತ್ತಾರಲ್ಲ, ಅದು. ಅಡುಗೆಮನೆಯನ್ನು ಪೂರ್ತಿ ಕಿತ್ತು ಹೊಸದು ಮಾಡುವ ಯೋಜನೆ ಹೊಸ ಮಾಲೀಕರದು. ಟರ್ಕಾಯ್ಸ್ ಬಣ್ಣದ ಜಿಇ, ಒಂಟಿ ಓವನ್, ಬಾಗಿಲಲ್ಲಿ ಕಿಟಕಿ, ಮೇಲೆ ಗಡಿಯಾರ, ಎಲ್ಲ ನಾಬ್‌ಗಳೂ ಇವೆ. ಆನ್ ಮಾಡಿದರೆ ದೀಪ ಮಾತ್ರ ಹತ್ತುತ್ತಿತ್ತು. ನೂರೈವತ್ತು ಡಾಲರ್. ಬಿಚ್ಚಿಕೊಂಡು ಹೋಗುವುದು ನಿಮ್ಮ ಕೆಲಸ ಅಂದರು.

ಬಿಚ್ಚುವುದು ಕಷ್ಟವಲ್ಲ. ಮೊದಲು ಬ್ರೇಕರ್ ಆರಿಸಿ. ಹಳೆ ಮನೆಗಳಲ್ಲಿ ಬ್ರೇಕರಿನ ಪಕ್ಕ ಬರೆದಿರುವ ಹೆಸರನ್ನು ನಂಬಬೇಡಿ, ಜಂಕ್ಷನ್ ಬಾಕ್ಸ್ ತೆರೆದು ಮೀಟರಿನಲ್ಲಿ ನೋಡಿ. ಎರಡು ಫೇಸ್‌ಗಳ ನಡುವೆ, ಪ್ರತಿ ಫೇಸಿನಿಂದ ನ್ಯೂಟ್ರಲ್‌ಗೆ, ಫೇಸಿನಿಂದ ಲೋಹದ ಪೆಟ್ಟಿಗೆಗೆ, ಎಲ್ಲ ಸೊನ್ನೆ ತೋರಿಸಬೇಕು. ಆಮೇಲೆ ಬಾಗಿಲು ತೆಗೆಯಿರಿ. ಬಾಗಿಲೊಂದೇ ಭಾರದ ದೊಡ್ಡ ಪಾಲು. ಚೌಕಟ್ಟಿನ ಒಳಬದಿಯ ಸ್ಕ್ರೂ ಬಿಚ್ಚಿದರೆ ಓವನ್ ಮುಂದಕ್ಕೆ ಜಾರುತ್ತದೆ. ಮುಂದೆ ಅದೇ ಎತ್ತರದ ಮೇಜು ಬೇಕು, ಇಬ್ಬರು ಬೇಕು.

ಮನೆಗೆ ತಂದಾಗ ನನ್ನ ಹೆಂಡತಿ ಒಂದು ಸುತ್ತು ಬಂದು ನೋಡಿದಳು. "ರೀ, ಈ ಬಣ್ಣ ನಮ್ಮೂರ ಬಸ್‌ಸ್ಟ್ಯಾಂಡ್ ಗೋಡೆ ಥರಾನೇ ಇದೆಯಲ್ರೀ." ಹೌದು, ಹಾಗೇ ಇತ್ತು.

ಗ್ಯಾರೇಜಿನಲ್ಲಿ ಹಿಂದಿನ ತಗಡು ಬಿಚ್ಚುವ ಮೊದಲು ಒಂದು ಮಾತು. ಆ ಕಾಲದ ಓವನ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ನಾರು ಉಸಿರಿನೊಳಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ. ನಮ್ಮ ಕಡೆ ಮಾಡಿನ ಶೀಟಿನಲ್ಲಿ ನೋಡಿರುತ್ತೀರಿ. ಇಲ್ಲಿ ಅದು ಬಾಗಿಲ ಸುತ್ತಿನ ಹಗ್ಗದಲ್ಲಿ, ವೈರಿನ ಮೇಲಿನ ಬಟ್ಟೆಯಂಥ ಹೊದಿಕೆಯಲ್ಲಿ, ತಗಡುಗಳ ನಡುವಿನ ರಟ್ಟಿನಲ್ಲಿ ಇರುತ್ತದೆ. ಕಣ್ಣಿನಿಂದ ನೋಡಿ ಹೇಳಲು ಆಗುವುದಿಲ್ಲ. ಬಿಳಿ ಹತ್ತಿಯಂತೆ ಕಂಡದ್ದು ಗಾಜಿನ ನಾರೂ ಆಗಿರಬಹುದು. ಅನುಮಾನ ಬಂದ ಕಡೆ ನೀರು ಸಿಂಪಡಿಸಿ, ಚೂರು ತೆಗೆದು ಚೀಲದಲ್ಲಿ ಹಾಕಿ ಲ್ಯಾಬಿಗೆ ಕಳಿಸಬೇಕು. ಅವರು ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳುತ್ತಾರೆ, ಖರ್ಚು ಹೆಚ್ಚಲ್ಲ. ನನ್ನ ಓವನ್‌ನ ಗೋಡೆಯೊಳಗಿನ ಹತ್ತಿ ಗಾಜಿನ ನಾರು ಅಂತ ಬಂತು. ವೈರಿನ ಹೊದಿಕೆಯಲ್ಲಿ ಆಸ್ಬೆಸ್ಟಾಸ್ ಇತ್ತು. ವೈರುಗಳನ್ನು ತೆಗೆಯಲು ಲೈಸೆನ್ಸ್ ಇರುವವರನ್ನು ಕರೆದೆ. ಓವನ್‌ಗೆ ಕೊಟ್ಟದ್ದಕ್ಕಿಂತ ಅವರಿಗೆ ಕೊಟ್ಟದ್ದೇ ಜಾಸ್ತಿ. ಇಲ್ಲಿ ಮಾತ್ರ ಜಿಪುಣತನ ಬೇಡ. ಒಣಗಿದ ನಾರನ್ನು ಉಜ್ಜಬೇಡಿ, ಗುಡಿಸಬೇಡಿ, ಮನೆಯ ವ್ಯಾಕ್ಯೂಮ್ ಹಾಕಲೇಬೇಡಿ.

ಅದು ಮುಗಿದ ಮೇಲೆ ಕೆಲಸ ಖುಷಿಯದು.

ಮೊದಲು ಕಾಯಿಲ್. ಜಿಇಯವರು ಇದನ್ನು ಕ್ಯಾಲ್‌ರಾಡ್ ಅನ್ನುತ್ತಿದ್ದರು. ಹೊರಗೆ ಲೋಹದ ಕೊಳವೆ, ನಡುವೆ ನೈಕ್ರೋಮ್ ತಂತಿಯ ಸುರುಳಿ, ಎರಡರ ನಡುವೆ ಒತ್ತಿ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ. ನನ್ನ ಓವನ್‌ನ ಪ್ಲೇಟಿನಲ್ಲಿ ಬರೆದಿರುವುದು 236 ವೋಲ್ಟ್, ಕೆಳಗಿನ ಕಾಯಿಲ್ 2,500 ವ್ಯಾಟ್. ವೋಲ್ಟನ್ನು ವೋಲ್ಟಿನಿಂದ ಗುಣಿಸಿ ವ್ಯಾಟಿನಿಂದ ಭಾಗಿಸಿದರೆ ಸುಮಾರು 22 ಓಮ್ ಬರುತ್ತದೆ. ಮೀಟರೂ ಹೆಚ್ಚುಕಡಿಮೆ ಅಷ್ಟೇ ತೋರಿಸಿತು. ಅಂದರೆ ತಂತಿ ತುಂಡಾಗಿಲ್ಲ. ಇವತ್ತಿನ ಸರಬರಾಜು 240 ವೋಲ್ಟ್, ಹಾಗಾಗಿ ಶೇಕಡಾ 3ರಷ್ಟು ಶಾಖ ಹೆಚ್ಚು ಬರುತ್ತದೆ. ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಕಾಯಿಲ್‌ನ ತಂತಿಗೂ ಹೊರಕೊಳವೆಗೂ ನಡುವಿನ ಇನ್ಸುಲೇಷನ್ ನೋಡಬೇಕು. ಮೆಗ್ನೀಸಿಯಂ ಆಕ್ಸೈಡ್ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ಬಿಸಿಯಾಗದೆ ಕೂತ ಕಾಯಿಲ್‌ನಲ್ಲಿ ತುದಿಗಳಿಂದ ತೇವ ಇಳಿದಿರುತ್ತದೆ. ಸಾಮಾನ್ಯ ಮಲ್ಟಿಮೀಟರಿಗೆ ಅದು ಸರಿಯಾಗಿ ಗೊತ್ತಾಗುವುದಿಲ್ಲ, ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೆಗ್ಗರ್ ಬೇಕು. 500 ವೋಲ್ಟಿನಲ್ಲಿ ನೋಡಿದಾಗ ಅರ್ಧ ಮೆಗಾಓಮ್‌ಗಿಂತ ಕೆಳಗಿತ್ತು. ಇಂಥ ಕಾಯಿಲ್‌ಗೆ ನೇರವಾಗಿ ಕರೆಂಟ್ ಕೊಟ್ಟರೆ ಮೈಗೆ ಸೋರುತ್ತದೆ. ಎಷ್ಟೋ ಒಳ್ಳೆಯ ಕಾಯಿಲ್‌ಗಳನ್ನು "ಶಾರ್ಟ್ ಆಗಿದೆ" ಅಂತ ಎಸೆಯುವುದು ಈ ಕಾರಣಕ್ಕೇ. ಒಣಗಿಸಿದರೆ ಸಾಕು. ಬೀದಿಯ ಆಚೆ ತುದಿಯ ಸ್ನೇಹಿತರ ಓವನ್‌ನಲ್ಲಿ 300 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 150 ಸೆಲ್ಸಿಯಸ್‌ನಲ್ಲಿ ಮಧ್ಯಾಹ್ನ ಪೂರ್ತಿ ಇಟ್ಟೆವು. ಓವನ್‌ನೊಳಗೆ ಓವನ್‌ನ ಕಾಯಿಲ್ ಬೇಯುವುದನ್ನು ಅವರ ಮಗ ಫೋಟೋ ತೆಗೆದುಕೊಂಡ. ಹೊರಗೆ ತಂದು ತಣ್ಣಗಾದ ಮೇಲೆ ಅಳೆದರೆ 100 ಮೆಗಾಓಮ್ ದಾಟಿತ್ತು.

ಹಾಗಾದರೆ ಬಿಸಿ ಯಾಕೆ ಬರುತ್ತಿರಲಿಲ್ಲ? ಈ ಮಾದರಿಯಲ್ಲಿ ಕೆಳಗಿನ ಕಾಯಿಲ್ ಹಿಂದಿನ ಗೋಡೆಯ ಪಿಂಗಾಣಿ ಸಾಕೆಟ್‌ಗೆ ಸಿಕ್ಕಿಸುವಂಥದ್ದು. ಶುಚಿ ಮಾಡುವಾಗ ಎಳೆದು ತೆಗೆಯಲಿ ಅಂತ ಆ ಅನುಕೂಲ. ಎಳೆದೆಳೆದು ಒಳಗಿನ ಹಿತ್ತಾಳೆ ಹಿಡಿ ಸಡಿಲವಾಗುತ್ತದೆ. ಸಡಿಲವಾದ ಕಡೆ ಬಿಸಿ, ಬಿಸಿಯಾದ ಕಡೆ ಕಿಟ್ಟ, ಕಿಟ್ಟ ಕಟ್ಟಿದ ಕಡೆ ಇನ್ನೂ ಬಿಸಿ. ಸಾಕೆಟ್ ಒಂದು ಬದಿ ಪೂರ್ತಿ ಕರಿದಾಗಿ ಹಿಡಿ ಮುರಿದಿತ್ತು. ಬದಲಿ ಸಾಕೆಟ್ ಬೇರೊಂದು ಹಾಳಾದ ಓವನ್‌ನಿಂದ ಬಂತು, ಅದರ ಕಥೆ ಆಮೇಲೆ. ಕಾಯಿಲ್‌ನ ಕಾಲುಗಳನ್ನು ನಯವಾದ ಉಪ್ಪುಕಾಗದದಲ್ಲಿ ಹೊಳೆಯುವ ತನಕ ಉಜ್ಜಿದೆ.

ವೈರು ಪೂರ್ತಿ ಹೊಸದು. ಸಾಮಾನ್ಯ ಮನೆ ವೈರಿಂಗ್ ತಂತಿ ಇಲ್ಲಿ ಕರಗಿಹೋಗುತ್ತದೆ. ಕಂಟ್ರೋಲ್‌ಗಳ ಹತ್ತಿರ 250 ಡಿಗ್ರಿ ಸೆಲ್ಸಿಯಸ್ ತಡೆಯುವ, ಟೆಫ್ಲಾನ್ ಮತ್ತು ಗಾಜಿನ ನಾರಿನ ಹೊದಿಕೆಯ ಟಿಜಿಜಿಟಿ ವೈರು, ಕಾಯಿಲ್ ತುದಿಗಳಿಗೆ 450 ಡಿಗ್ರಿ ತಡೆಯುವ ಅಭ್ರಕ ಮತ್ತು ಗಾಜಿನ ನಾರಿನ ಹೊದಿಕೆಯ ಎಂಜಿ ವೈರು. ತುದಿಯ ಕ್ಲಿಪ್ಪುಗಳೂ ನಿಕಲ್ ಲೇಪದವೇ ಬೇಕು. ತವರ ಲೇಪದ ಮಾಮೂಲಿ ಕ್ಲಿಪ್ಪು ಬಿಸಿಗೆ ಮೆತ್ತಗಾಗಿ ಹಿಡಿತ ಬಿಡುತ್ತದೆ. ಬೆಸುಗೆ ಹಾಕಲೇಬೇಡಿ. ಹಳೆ ವೈರು ತೆಗೆಯುವ ಮೊದಲು ಪ್ರತಿ ತುದಿಗೂ ಚೀಟಿ ಕಟ್ಟಿ, ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಹಿಂದಿನ ತಗಡಿನ ಒಳಗೆ ಅಂಟಿಸಿದ ವೈರಿಂಗ್ ನಕ್ಷೆ ಉಳಿದಿದ್ದರೆ ನಿಮ್ಮ ಪುಣ್ಯ. ನನ್ನದು ಅರ್ಧ ಸುಟ್ಟುಹೋಗಿತ್ತು.

ಆ ನಕ್ಷೆ ಬಿಡಿಸುವಾಗ ಒಂದು ಜಾಣತನ ಕಣ್ಣಿಗೆ ಬಿತ್ತು. ಬೇಕ್ ಇಟ್ಟಾಗ ಕೆಳಗಿನ ಕಾಯಿಲ್‌ಗೆ ಎರಡು ಫೇಸ್, ಪೂರ್ತಿ ವೋಲ್ಟ್. ಮೇಲಿನ ಕಾಯಿಲ್‌ಗೆ ಒಂದು ಫೇಸ್ ಮತ್ತು ನ್ಯೂಟ್ರಲ್, ಅಂದರೆ ಅರ್ಧ ವೋಲ್ಟ್. ವೋಲ್ಟ್ ಅರ್ಧವಾದರೆ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ಮೇಲಿನಿಂದ ಆ ಕಾಲುಭಾಗದ ಶಾಖ ಬ್ರೆಡ್ಡಿನ ನೆತ್ತಿಯನ್ನು ಹದವಾಗಿ ಕೆಂಪಾಗಿಸುತ್ತದೆ. ಬ್ರಾಯ್ಲ್‌ಗೆ, ಅಂದರೆ ಮೇಲಿನಿಂದಲೇ ಜೋರಾಗಿ ಸುಡುವುದಕ್ಕೆ, ತಿರುಗಿಸಿದರೆ ಅದೇ ಕಾಯಿಲ್‌ಗೆ ಪೂರ್ತಿ ವೋಲ್ಟ್. ಇದಕ್ಕೆ ಬೇಕಾದ್ದು ಒಂದು ತಿರುಗಿಸುವ ಸ್ವಿಚ್, ಅಷ್ಟೇ. ನಮ್ಮ ಸತ್ತ ಎಲೆಕ್ಟ್ರಾನಿಕ್ ಬೋರ್ಡಿನ ನೆನಪಾಗಿ ಸ್ವಲ್ಪ ಹೊಟ್ಟೆ ಉರಿಯಿತು.

ಥರ್ಮೋಸ್ಟಾಟ್ ವಿಷಯದಲ್ಲಿ ನಿಧಾನ ಬೇಕು. ಓವನ್‌ನೊಳಗೆ ಪೆನ್ಸಿಲ್‌ನಷ್ಟು ದಪ್ಪದ ತಾಮ್ರದ ಬಲ್ಬ್ ಇರುತ್ತದೆ. ಅದರಿಂದ ಕೂದಲೆಳೆಯ ಕೊಳವೆ ನಾಬ್‌ನ ಹಿಂದಿನ ಸ್ವಿಚ್‌ವರೆಗೆ ಹೋಗುತ್ತದೆ. ಒಳಗಿನ ದ್ರವ ಬಿಸಿಯಾಗಿ ಹಿಗ್ಗಿ ಒಂದು ತೆಳು ಪೊರೆಯನ್ನು ತಳ್ಳುತ್ತದೆ, ಸ್ವಿಚ್ ಬಿಡುತ್ತದೆ. ಕೊಳವೆ ಮಡಿಚಿ ಸೀಳಿದರೆ ದ್ರವ ಸೋರಿಹೋಗುತ್ತದೆ. ಆಗ ಏನಾಗುತ್ತದೆ ಗೊತ್ತಾ? ತಳ್ಳುವವರೇ ಇಲ್ಲ, ಸ್ವಿಚ್ ಬಿಡುವುದೇ ಇಲ್ಲ. ಓವನ್ ಬಿಸಿಯಾಗುತ್ತಲೇ ಹೋಗುತ್ತದೆ. ಬೆಂಕಿ ಬೀಳುವ ದಾರಿ ಇದು. ಹಳೆ ಓವನ್ ತಗೊಂಡು ಸುಮ್ನೆ ಆನ್ ಮಾಡಿ ನೋಡುವವರು ಇದೊಂದನ್ನು ಮರೆಯಬಾರದು.

ಅದಕ್ಕೇ ಮೇಜಿನ ಮೇಲೆ ಪರೀಕ್ಷೆ. ಥರ್ಮೋಸ್ಟಾಟ್ ಅನ್ನು ಬಿಚ್ಚಿ, ಮೀಟರನ್ನು ಬೀಪ್‌ಗೆ ಇಟ್ಟು ಅದರ ಎರಡು ತುದಿಗೆ ಸಿಕ್ಕಿಸಿ, ಡಯಲ್ ಅನ್ನು 200 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟೆ. ಬಲ್ಬನ್ನು ಕುದಿಯುವ ನೀರಿಗೆ ಇಳಿಸಿದೆ. ನೀರು ಕುದಿಯುವುದು 212ಕ್ಕೆ, ಹಾಗಾಗಿ ಸ್ವಿಚ್ ಬಿಡಲೇಬೇಕು. ಕ್ಲಿಕ್ ಅಂತು, ಬೀಪ್ ನಿಂತಿತು. ಹೊರಗೆ ತೆಗೆದು ಆರಲು ಬಿಟ್ಟರೆ ಮತ್ತೆ ಕ್ಲಿಕ್, ಮತ್ತೆ ಬೀಪ್. ದ್ರವ ಇದೆ, ಪೊರೆ ಜೀವಂತ. ಹೆಚ್ಚು ಬಿಸಿಯಲ್ಲೂ ಸರಿಯಿದೆಯೇ ಅಂತ ಆಮೇಲೆ ಬಿಸಿ ಎಣ್ಣೆಯಲ್ಲಿ, ಥರ್ಮಾಮೀಟರ್ ಇಟ್ಟುಕೊಂಡು, ಇದೇ ರೀತಿ 300 ಡಿಗ್ರಿಗೆ ನೋಡಿದೆ. ಬಜ್ಜಿ ಕರಿಯುವ ಬಾಣಲೆ ಬೇಡ, ಬೇರೆ ಪಾತ್ರೆ ತಗೊಳ್ಳಿ, ಮನೆಯಲ್ಲಿ ಶಾಂತಿ ಇರುತ್ತದೆ.

ಗಡಿಯಾರ ಎಲ್ಲಕ್ಕಿಂತ ಹಟಮಾರಿ. ಜಿಇ ಓವನ್‌ಗಳಲ್ಲಿ ಇರುವುದು ಟೆಲಿಕ್ರಾನ್ ಮೋಟಾರು. ಮ್ಯಾಸಚೂಸೆಟ್ಸ್‌ನ ಆ್ಯಶ್‌ಲೆಂಡ್‌ನಲ್ಲಿ ಹೆನ್ರಿ ವಾರನ್ ಶುರು ಮಾಡಿದ ಕಂಪನಿಯದು. ಕರೆಂಟಿನ 60 ಹರ್ಟ್ಸ್ ಬಡಿತವನ್ನೇ ಹಿಡಿದು ತಿರುಗುವ ಮೋಟಾರು, ಆದ್ದರಿಂದ ಸಮಯ ಬಹಳ ಕರಾರುವಾಕ್ಕು. ಇದನ್ನು ಬೆಂಗಳೂರಿಗೆ ತಗೊಂಡು ಹೋದರೆ ನಮ್ಮ 50 ಹರ್ಟ್ಸ್‌ನಲ್ಲಿ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. ಮೋಟಾರಿನ ರೋಟರ್ ಸಣ್ಣ ಲೋಹದ ಡಬ್ಬಿಯೊಳಗೆ ಎಣ್ಣೆಯಲ್ಲಿ ಮುಳುಗಿರುತ್ತದೆ. ದಶಕಗಳಲ್ಲಿ ಎಣ್ಣೆ ಒಣಗಿ ಅಂಟಾಗುತ್ತದೆ. ಡಬ್ಬಿಗೆ ಮುಚ್ಚಳ ಇಲ್ಲ. ಬಳಕೆಯಲ್ಲಿರುವ ಉಪಾಯ ಇದು: ಡಬ್ಬಿಯನ್ನು ಬಿಸಿಗಾಳಿಯಲ್ಲಿ ಬೆಚ್ಚಗೆ ಮಾಡಿ, ಅಚ್ಚಿನ ಸುತ್ತ ತೆಳು ಎಣ್ಣೆಯ ಹನಿ ಇಟ್ಟು ತಣ್ಣಗಾಗಲು ಬಿಡುವುದು. ಒಳಗಿನ ಗಾಳಿ ಕುಗ್ಗುವಾಗ ಹನಿಯನ್ನು ಎಳೆದುಕೊಳ್ಳುತ್ತದೆ. ಕೆಲವು ಸುತ್ತು ಹೀಗೆ ಮಾಡಿದ ಮೇಲೆ ಕೆಂಪು ಮುಳ್ಳು ಅಲುಗಾಡಿತು. ಮೊದಲ ದಿನ ಗುರ್ ಗುರ್ ಅಂತಿತ್ತು, ಆಮೇಲೆ ಸದ್ದು ಅಡಗಿತು.

ಗಡಿಯಾರದ ಇನ್ನೊಂದು ಕಿತಾಪತಿ ಗೊತ್ತಿರಲಿ. ಇದೇ ಟೈಮರೂ ಹೌದು. ಅದರ ನಾಬ್ "ಆಟೊಮ್ಯಾಟಿಕ್" ಕಡೆ ತಿರುಗಿದ್ದರೆ ನಿಗದಿಯ ಸಮಯ ಬರುವವರೆಗೆ ಓವನ್‌ಗೆ ಕರೆಂಟೇ ಹೋಗುವುದಿಲ್ಲ. ಕೆಟ್ಟಿದೆ ಅಂತ ಮಾರಾಟಕ್ಕೆ ಬರುವ ಓವನ್‌ಗಳಲ್ಲಿ ಕೆಲವಕ್ಕೆ ಇಷ್ಟೇ ಕಾಯಿಲೆ. ಕೊಳ್ಳಲು ಹೋದಾಗ ಅದನ್ನು "ಮ್ಯಾನ್ಯುಯಲ್" ಕಡೆ ತಿರುಗಿಸಿ ನೋಡಿ. ಮಾಲೀಕರ ಮುಂದೆ ತಿರುಗಿಸಬೇಕಾ, ಬೇಡವಾ ಅನ್ನುವುದು ನಿಮ್ಮ ಆತ್ಮಸಾಕ್ಷಿಗೆ ಬಿಟ್ಟದ್ದು.

ಶುಚಿ ಮಾಡುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ತೋಳಿಗೆ ಶಕ್ತಿ ಬೇಕು ಅಷ್ಟೇ. ಒಳಗಿನ ಪಿಂಗಾಣಿ ಮೈಗೆ ಕಾಸ್ಟಿಕ್ ಸೋಡಾ ಇರುವ ಓವನ್ ಕ್ಲೀನರ್ ನಡೆಯುತ್ತದೆ. ಅದೇ ಕ್ಲೀನರ್ ಅಲ್ಯೂಮಿನಿಯಂ ಪಟ್ಟಿಗೆ ತಾಗಿದರೆ ತಿಂದುಹಾಕುತ್ತದೆ, ಆದ್ದರಿಂದ ಪಟ್ಟಿ, ನಾಬ್, ಹಿಡಿ ಎಲ್ಲ ಮೊದಲೇ ಬಿಚ್ಚಿಡಿ. ಕಾಯಿಲ್, ಥರ್ಮೋಸ್ಟಾಟ್ ಬಲ್ಬ್‌ಗೂ ತಾಗಿಸಬೇಡಿ. ಕ್ರೋಮ್ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದುಡಿ ನೀರಿನಲ್ಲಿ ಅದ್ದಿ ಉಜ್ಜಿ, ಆಶ್ಚರ್ಯವಾಗುತ್ತದೆ. ಫಾಯಿಲ್ ಕ್ರೋಮ್‌ಗಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ನಾಬ್‌ಗಳನ್ನು ಬೆಚ್ಚನೆ ಸೋಪುನೀರಿನಲ್ಲಿ ಮಾತ್ರ ತೊಳೆಯಿರಿ, ಅಂಕಿಗಳು ಅಳಿಸಿಹೋದರೆ ಮತ್ತೆ ಬರುವುದಿಲ್ಲ. ಬಾಗಿಲ ಕಿಟಕಿಯ ಎರಡು ಗಾಜುಗಳ ನಡುವೆ ಜಿಡ್ಡಿನ ಮಂಜು ಕೂತಿತ್ತು. ಬಾಗಿಲು ಬಿಚ್ಚಿ, ಗಾಜು ಹೊರತೆಗೆದು ಒರೆಸಿ, ಸುತ್ತಲೂ ಹೊಸ ಗಾಜಿನ ನಾರಿನ ಹಗ್ಗ ಹಾಕಿದೆ. ಹಿಂಜಿನ ಸ್ಪ್ರಿಂಗ್ ಬಿಚ್ಚುವಾಗ ಕೈ ಜೋಪಾನ. ಅದರ ಬಿಗಿ ಬೆರಳು ಮುರಿಯುವಷ್ಟಿದೆ. ದೀಪಕ್ಕೆ ಓವನ್‌ಗೆಂದೇ ಮಾಡಿದ 40 ವ್ಯಾಟಿನ ಹಳೆ ಥರದ ಬಲ್ಬ್ ಹಾಕಿ. ಎಲ್‌ಇಡಿ ಆ ಬಿಸಿಗೆ ಬಾಳುವುದಿಲ್ಲ.

ಮನೆಯ ವೈರಿಂಗ್ ಕೆಲಸ ನಾನು ಮಾಡಲಿಲ್ಲ. ಪರ್ಮಿಟ್ ತೆಗೆಸಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿದೆ. ಕಾರಣ ಹೇಳುತ್ತೇನೆ. ಅಮೆರಿಕದ ಮನೆಗೆ ಎರಡು ಫೇಸ್ ಬರುತ್ತದೆ. ಎರಡರ ನಡುವೆ 240, ಯಾವುದೊಂದರಿಂದ ನ್ಯೂಟ್ರಲ್‌ಗೆ 120. ಓವನ್‌ನ ದೀಪ, ಗಡಿಯಾರ ನಡೆಯುವುದು 120ರಲ್ಲಿ, ಆದ್ದರಿಂದ ನ್ಯೂಟ್ರಲ್ ಬೇಕೇ ಬೇಕು. ಹಳೆ ಪದ್ಧತಿಯಲ್ಲಿ ಬೇರೆ ಅರ್ಥಿಂಗ್ ತಂತಿ ಇರುತ್ತಿರಲಿಲ್ಲ. ಓವನ್‌ನ ಮೈಯನ್ನೇ ನ್ಯೂಟ್ರಲ್‌ಗೆ ಸೇರಿಸುತ್ತಿದ್ದರು. ಎಲ್ಲಾದರೂ ನ್ಯೂಟ್ರಲ್ ಬಿಟ್ಟುಕೊಂಡರೆ ದೀಪದ ಮೂಲಕ ಬಂದ ಕರೆಂಟು ಸೀದಾ ಲೋಹದ ಮೈಗೆ. ಒಂದು ಕೈ ಬಾಗಿಲ ಹಿಡಿಯ ಮೇಲೆ, ಇನ್ನೊಂದು ಕೈ ಸ್ಟೀಲ್ ಸಿಂಕ್ ಮೇಲೆ ಇದ್ದರೆ ಗತಿ? ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ 1996ರಲ್ಲಿ ಹೊಸ ಸರ್ಕ್ಯೂಟ್‌ಗಳಿಗೆ ಈ ಪದ್ಧತಿಯನ್ನು ನಿಲ್ಲಿಸಿತು. ಈಗ ನಾಲ್ಕು ತಂತಿ: ಎರಡು ಫೇಸ್, ನ್ಯೂಟ್ರಲ್, ಅರ್ಥ್. ಐಕ್ಲರ್ ಮನೆಗೆ ಅಟ್ಟವಿಲ್ಲ, ನೆಲದಡಿ ಜಾಗವಿಲ್ಲ. ಕೇಬಲ್ ಎಳೆಯುವುದೇ ದೊಡ್ಡ ಸಾಹಸ. ಮಾಡಿನ ಮೇಲಿನ ಫೋಮ್ ಹೊಸದು ಮಾಡಿಸುವ ಸಮಯಕ್ಕೆ ಕಾದು, ಅದರ ಕೆಳಗೆ ಪೈಪಿನಲ್ಲಿ ಕೇಬಲ್ ತಂದೆವು. ಓವನ್‌ನೊಳಗೆ ಮೈಯನ್ನೂ ನ್ಯೂಟ್ರಲನ್ನೂ ಸೇರಿಸಿದ್ದ ಪಟ್ಟಿಯನ್ನು ತೆಗೆದು, ಮೈಗೆ ಬೇರೆ ಅರ್ಥ್ ಕೊಟ್ಟೆವು.

ಗೋಡೆಗೆ ಕೂರಿಸುವ ಮೊದಲು ಗ್ಯಾರೇಜಿನಲ್ಲೇ ಮೊದಲ ಬಿಸಿ. ಬಟ್ಟೆ ಡ್ರೈಯರ್‌ನ 240 ವೋಲ್ಟ್ ಸಾಕೆಟ್‌ನಿಂದ ತಾತ್ಕಾಲಿಕ ಸಂಪರ್ಕ, ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿ. ಮೇಲುಗಡೆ ಇಲಿ ಗೂಡು ಕಟ್ಟಿದ್ದ ಕಡೆ ಬಿಸಿ ತಡೆಯುವ ಹೊಸ ರಾಕ್‌ವೂಲ್ (ಕಲ್ಲಿನ ನಾರು) ತುಂಬಿದ್ದೆ. ಅದರೊಳಗಿನ ಅಂಟು ಮೊದಲ ಸಲ ಸುಡುವಾಗ ಹೊಗೆ ಬರುತ್ತದೆ, ವಾಸನೆ ಬರುತ್ತದೆ. ಮನೆಯೊಳಗೆ ಇದನ್ನು ಮಾಡಬೇಡಿ. ಒಂದೆರಡು ಗಂಟೆಯಲ್ಲಿ ಹೊಗೆ ನಿಂತಿತು. ನಡುವೆ ಹೊರಮೈಯ ತಗಡನ್ನು ಥರ್ಮಾಮೀಟರಿನಲ್ಲಿ ನೋಡುತ್ತಿದ್ದೆ. ಆಮೇಲೆ ಮರದ ಕ್ಯಾಬಿನೆಟ್‌ಗೆ ತಾಗಿಕೊಂಡು ಇರುವುದು ಅದೇ ತಗಡು ಅಲ್ವಾ.

ಡಿಗ್ರಿ ಸರಿ ಮಾಡಿದ್ದು ಗೋಡೆಗೆ ಕೂರಿಸಿದ ಮೇಲೆ. ನಡು ಜಾಲರಿಯ ಮಧ್ಯಕ್ಕೆ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಕಟ್ಟಿ, 350 ಫ್ಯಾರನ್‌ಹೀಟ್‌ಗೆ ಇಟ್ಟು, ಅರ್ಧ ಗಂಟೆ ಸುಮ್ಮನೆ ಬಿಡಿ. ಹಳೆ ಥರ್ಮೋಸ್ಟಾಟ್ ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ. ಏರುತ್ತದೆ, ಬಿಡುತ್ತದೆ, ಇಳಿಯುತ್ತದೆ, ಮತ್ತೆ ಹಿಡಿಯುತ್ತದೆ. ಒಂದು ಅಂಕಿ ನೋಡಿ ತೀರ್ಮಾನ ಮಾಡಬಾರದು. ಹಲವು ಸುತ್ತಿನ ಮೇಲಿನ ತುದಿ, ಕೆಳಗಿನ ತುದಿ ಬರೆದು ಸರಾಸರಿ ತೆಗೆಯಬೇಕು. ನನ್ನದು 310ರ ಸುತ್ತ ಬಂತು, ಅಂದರೆ 40 ಡಿಗ್ರಿ ತಣ್ಣಗೆ. ನಾಬ್ ಎಳೆದು ಹಿಂದೆ ನೋಡಿದರೆ ಎರಡು ಸಣ್ಣ ಸ್ಕ್ರೂ, ಹಲ್ಲುಗಳಿರುವ ಒಂದು ಬಿಲ್ಲೆ. ಸ್ಕ್ರೂ ಸಡಿಲಿಸಿ ಬಿಲ್ಲೆ ಸರಿಸಿ ಬಿಗಿ ಮಾಡಿದರೆ ಆಯಿತು. ಈಗ ಸರಾಸರಿ 350ರ ಹತ್ತಿರವೇ ಇದೆ, ಮೇಲೆ ಕೆಳಗೆ 20 ಡಿಗ್ರಿ ಓಲಾಡುತ್ತದೆ. ಕೇಕಿಗೂ ಖಾರಾ ಬನ್ನಿಗೂ ಇಷ್ಟು ಸಾಕು. ನಮ್ಮ ಮನೆಯ ಖಾರಾ ಬನ್ ಈಗ ಮೇಲೂ ಕೆಳಗೂ ಒಂದೇ ಬಣ್ಣ ಬರುತ್ತಿದೆ, ಅದು ಆ ಕಾಲುಭಾಗದ ಶಾಖದ ಮಹಿಮೆ. ಫ್ಯಾನ್ ಇಲ್ಲ, ಹಾಗಾಗಿ ಒಂದೇ ಸಲ ಎರಡು ತಟ್ಟೆ ಇಟ್ಟರೆ ನಡುವೆ ಅದಲು ಬದಲು ಮಾಡಬೇಕು.

ಇನ್ನು ಆ ಸಾಕೆಟ್ ಕೊಟ್ಟ ಎರಡನೇ ಓವನ್. ಅದೇ ಮಾದರಿ, ಬಣ್ಣ ಗುಲಾಬಿ, ಬಾಗಿಲ ಗಾಜು ಒಡೆದಿದೆ, ಗಡಿಯಾರ ಇಲ್ಲ. ಅದರ ಥರ್ಮೋಸ್ಟಾಟ್ ಕುದಿನೀರಿನ ಪರೀಕ್ಷೆಯಲ್ಲಿ ಪಾಸಾಯಿತು, ಅದನ್ನು ಬಿಚ್ಚಿ ಇಟ್ಟುಕೊಂಡಿದ್ದೇನೆ. ಮೇಲಿನ ಕಾಯಿಲ್, ಒಂದು ಜಾಲರಿ, ಎರಡು ನಾಬ್, ಕೆಳಗಿನ ಕ್ರೋಮ್ ಪಟ್ಟಿ ಚೆನ್ನಾಗಿವೆ. ಬೇಕಾದವರು ಬಂದು ತಗೊಂಡು ಹೋಗಬಹುದು, ದುಡ್ಡು ಬೇಡ. ಗ್ಯಾರೇಜಿನಲ್ಲಿ ಕಾರು ನಿಲ್ಲಿಸಬೇಕು ಅಂತ ಮನೆಯಿಂದ ಆರ್ಡರ್ ಆಗಿದೆ.